ಕಡತಣ್ಣನ ಬೀಳುವ ಅಕ್ಷರಗಳು

ನೀರು ಸರಬರಾಜು ಕಚೇರಿಯ ಮೂರನೇ ಮಹಡಿಗೆ ಅರವತ್ತಾರು ಮೆಟ್ಟಿಲು. ಈ ಲೆಕ್ಕ ಕಚೇರಿಯ ಯಾವ ದಾಖಲೆಯಲ್ಲೂ ಇಲ್ಲ, ಕಡತಣ್ಣನ ಮಂಡಿಗಳಲ್ಲಿ ಮಾತ್ರ ಇದೆ. ಇಪ್ಪತ್ತೊಂಬತ್ತು ವರ್ಷಗಳಿಂದ ಅವನು ಮೂರನೇ ಮಹಡಿಯ ಹಳೇ ಕಡತಗಳ ಕೋಣೆಯನ್ನು ನೋಡಿಕೊಳ್ಳುತ್ತಿದ್ದ. ಕೆಳಗಿನವರಿಗೆ ಯಾವುದಾದರೂ ಕಡತ ಬೇಕಾದರೆ ಮೆಟ್ಟಿಲ ಬುಡದಲ್ಲಿ ನಿಂತು, ಕತ್ತೆತ್ತಿ, "ಕಡತಣ್ಣಾ" ಎಂದು ಕೂಗುತ್ತಿದ್ದರು. ಅವನು ಹುಡುಕಿ, ಧೂಳು ಕೊಡವಿ, ಇಳಿದು ಬಂದು ಕೊಟ್ಟು, ಮತ್ತೆ ಹತ್ತಿ ಹೋಗಿ ಕೂರುವಷ್ಟರಲ್ಲಿ ಇನ್ನೊಬ್ಬರು ಕೂಗುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗಿತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು.

ಕಟ್ಟಡದಲ್ಲಿ ಲಿಫ್ಟಿಗೆ ಜಾಗ ಬಿಟ್ಟಿದ್ದರು. ಆ ಜಾಗದಲ್ಲಿ ಕೆಟ್ಟುಹೋದ ನೀರಿನ ಮೀಟರುಗಳನ್ನು ಪೇರಿಸಿದ್ದರು. ಮೆಟ್ಟಿಲುಗಳು ನೆಲಮಹಡಿಯ ದೊಡ್ಡ ಹಾಲಿನ ಸುತ್ತ ಸುತ್ತಿಕೊಂಡು ಮೇಲಕ್ಕೆ ಹೋಗುತ್ತಿದ್ದವು. ಹಾಗಾಗಿ ಯಾವ ಮಹಡಿಯಲ್ಲಿ ನಿಂತು ಕಂಬಿಯಿಂದ ಬಗ್ಗಿದರೂ ಹಾಲಿನಲ್ಲಿ ಕಾಯುವ ಜನರ ತಲೆ, ಕೌಂಟರುಗಳು, ಕೌಂಟರಿನ ಹಿಂದೆ ಆಕಳಿಸುವ ಸಿಬ್ಬಂದಿ, ಎಲ್ಲ ಕಾಣುತ್ತಿತ್ತು. ಮೂಲೆಯಲ್ಲಿ ಒಂದು ಖಾಲಿ ಕುರ್ಚಿಯೂ ಕಾಣುತ್ತಿತ್ತು.

ಆ ಕುರ್ಚಿ ವಿಚಾರಣೆ ಕೌಂಟರಿನದು. ಅಲ್ಲಿ ಕೂರುತ್ತಿದ್ದವರು ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ಕುರ್ಚಿಗೆ ಮೆತ್ತೆ ಇತ್ತು, ನೆತ್ತಿಯ ಮೇಲೆ ಸರಿಯಾಗಿ ತಿರುಗುವ ಫ್ಯಾನು ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅದು ನೆಲಮಹಡಿಯಲ್ಲಿತ್ತು. "ಇನ್ನು ಮೆಟ್ಟಿಲು ಹತ್ತಿದರೆ ಮಂಡಿ ಬದಲಾಯಿಸಬೇಕಾಗುತ್ತೆ" ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಕೇಳುವುದಕ್ಕೂ ಕಡತಣ್ಣ ಎರಡು ಮಹಡಿ ಹತ್ತಿ ಹೋಗಬೇಕಾಗಿತ್ತು. ಡಾಕ್ಟರ ಕ್ಲಿನಿಕ್ಕು ಅಲ್ಲಿತ್ತು. ಕುರ್ಚಿ ಕೊಡಿ ಎಂದು ಅವನು ಸಾಹೇಬರಿಗೆ ಮೂರು ಅರ್ಜಿ ಕೊಟ್ಟಿದ್ದ. ಮೂರಕ್ಕೂ ಸಾಹೇಬರು "ನೋಡೋಣ" ಎಂದಿದ್ದರು.

"ಇನ್ನೂ ನೋಡ್ತಾನೇ ಇದಾರಾ?" ಎಂದು ಹೆಂಡತಿ ಅವನ ಮಂಡಿಗೆ ಎಣ್ಣೆ ಹಚ್ಚುತ್ತ ಕೇಳುತ್ತಿದ್ದಳು. "ಪಾಪ, ಕಣ್ಣಿನ ಡಾಕ್ಟರಿಗೆ ತೋರ್ಸೋಕೆ ಹೇಳಿ ಅವ್ರಿಗೆ."

ಇಂಥ ಮನುಷ್ಯನಿಗೆ ಆಟದ ಪ್ರೋಗ್ರಾಮಿಂಗು ಹೇಗೆ ಗಂಟುಬಿತ್ತು ಎಂದು ಕೇಳಿದರೆ, ಹೆಂಡತಿಯ ತಮ್ಮನ ಕಡೆ ಬೆರಳು ತೋರಿಸಬೇಕು. ಭಾವಮೈದುನ ಒಂದು ಸಂಜೆ ತರಗತಿ ತೆರೆದಿದ್ದ. 'ನಲವತ್ತು ಪಾಠಗಳಲ್ಲಿ ನಿಮ್ಮದೇ ವಿಡಿಯೋ ಗೇಮ್' ಎಂದು ಬಾಗಿಲಿಗೆ ಅಂಟಿಸಿದ್ದ. ಕೋಣೆಯ ಯಜಮಾನರು ಹನ್ನೆರಡು ಜನ ಸೇರಿದರೆ ಮಾತ್ರ ಜಾಗ ಕೊಡುತ್ತೇನೆ ಅಂದಿದ್ದರು. ಸೇರಿದವರು ಹನ್ನೊಂದು ಜನ. ಹನ್ನೆರಡನೆಯವನು ಎಲ್ಲಿಂದ ಬಂದ ಎಂದು ಹೇಳಬೇಕಾಗಿಲ್ಲ. "ಭಾವ, ನೀವೇನೂ ಕಲೀಬೇಡಿ, ಸುಮ್ನೆ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ" ಎಂದಿದ್ದ ಭಾವಮೈದುನ. ತರಗತಿ ನೆಲಮಹಡಿಯಲ್ಲಿತ್ತು, ಬೆಂಚಿಗೆ ಒರಗುವ ಹಲಗೆ ಇತ್ತು. ಕಡತಣ್ಣ ಸಂತೋಷವಾಗಿ ಹೋಗಿ ಹೆಚ್ಚಿನ ಪಾಠಗಳನ್ನು ನಿದ್ದೆಯಲ್ಲಿ ಕಳೆದ.

ಎಚ್ಚರವಿದ್ದು ಕೇಳಿದ್ದು ಒಂದೇ ಪಾಠ, ಒಂಬತ್ತನೆಯದು. ಅದು ಅವನಿಗೆ ನಿಜಕ್ಕೂ ಹಿಡಿಸಿತು.

"ಈ ಭಾಷೇಲಿ ಅಕ್ಷರ ಅಂತ ಒಂದು ಇಲ್ವೇ ಇಲ್ಲ" ಎಂದು ಭಾವಮೈದುನ ಹೇಳಿದ್ದ. "ಆಟದೊಳಗೆ ಎಲ್ಲಾ ಚಿತ್ರಾನೇ. ನೀವು ಒಂದು ಹೆಸರು ಕೊಡಿ. ಯಾವ ಫಾಂಟು, ಎಷ್ಟು ದಪ್ಪ, ಎಷ್ಟು ಓರೆ, ಯಾವ ಬಣ್ಣ, ನೆರಳು ಬೇಕಾ ಬೇಡ್ವಾ, ಅದನ್ನೂ ಹೇಳಿ. ಅದು ಆ ಹೆಸರನ್ನ ಒಂದು ಚಿತ್ರ ಮಾಡಿ ಕೊಡುತ್ತೆ. ಚಿತ್ರ ಆದ್ಮೇಲೆ ಹೆಸರೂ ಒಂದೇ, ಬಲೂನೂ ಒಂದೇ. ಹಾರ್ಸಬಹುದು, ಬೀಳ್ಸಬಹುದು, ಒಡೀಬಹುದು."

ಇಪ್ಪತ್ತೊಂಬತ್ತು ವರ್ಷ ಅಕ್ಷರಗಳನ್ನು ಹೊತ್ತು ಮೆಟ್ಟಿಲು ಇಳಿದವನಿಗೆ, ಅಕ್ಷರ ತಾನಾಗಿಯೇ ಹಾರುತ್ತದೆ ಎಂಬ ಸುದ್ದಿ ಕೇಳಿ ಹೇಗಾಗಿರಬೇಡ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಅದನ್ನು ಎರಡು ಸಲ ವಿವರಿಸಿದ. ಅವಳು ಎರಡು ಸಲವೂ "ಹೂಂ" ಅಂದಳು.

ಇದು ಹೀಗಿರುವಾಗ ಕಚೇರಿಗೆ ಒಂದು ದೊಡ್ಡ ಪರದೆ ಬಂತು. ಮೇಲಿನ ಕಚೇರಿಯಿಂದ ಬಂದ ಆದೇಶ ಹೀಗಿತ್ತು: ಹಾಲಿನಲ್ಲಿ ಪರದೆ ಇರಬೇಕು, ಅದರಲ್ಲಿ ಪ್ರತಿ ಕೌಂಟರಿನವರ ಹೆಸರು ಮತ್ತು ಕರೆಯುತ್ತಿರುವ ಟೋಕನ್ ನಂಬರು ಕಾಣಬೇಕು, ಸೋಮವಾರ ಮಧ್ಯಾಹ್ನ ಮೂರಕ್ಕೆ ಆಯುಕ್ತರು ಬಂದು ನೋಡುತ್ತಾರೆ. ಪರದೆ ತಂದವರು ಅದನ್ನು ಗೋಡೆಗೆ ಹಾಕಿದರು, ಕೌಂಟರಿಗೊಂದು ಗುಂಡಿ ಕೂರಿಸಿದರು, ಚಹಾ ಕುಡಿದರು. "ಹಾಕೋದು ನಮ್ ಕೆಲ್ಸ, ತೋರ್ಸೋದು ನಿಮ್ ಕೆಲ್ಸ" ಎಂದು ಹೇಳಿ ಹೊರಟುಹೋದರು. ಅದು ಶುಕ್ರವಾರ.

ಸಾಹೇಬರು ತಮ್ಮ ಕೋಣೆಯಲ್ಲಿ ಸಭೆ ಕರೆದರು. ಹೆಡ್ ಕ್ಲರ್ಕು ಇದ್ದರು. ಮೀಟರ್ ಇನ್ಸ್‌ಪೆಕ್ಟರು ಇದ್ದರು. ಹೊಸ ನಲ್ಲಿ ಸಂಪರ್ಕದ ಕೌಂಟರಿನಲ್ಲಿ ಕೂರುವ, ಎಲ್ಲರೂ ನಲ್ಲಿಯಮ್ಮ ಎಂದು ಕರೆಯುವ ಹೆಂಗಸೂ ಇದ್ದರು. ಯಾರಿಗೂ ಏನೂ ಹೊಳೆಯದೆ ಎಲ್ಲರೂ ಗಂಭೀರವಾಗಿ ಮೇಜು ನೋಡುತ್ತಿದ್ದಾಗ ಕಡತಣ್ಣ ಒಂದು ಕಡತ ಹಿಡಿದು ಒಳಗೆ ಬಂದ. ಅವತ್ತಿನ ಐದನೇ ಇಳಿತ. ಏದುಸಿರು ಬರುತ್ತಿತ್ತು. ಕಡತ ಕೊಟ್ಟ ತಕ್ಷಣ ಮತ್ತೆ ಹತ್ತಬೇಕು ಎಂದು ನೆನೆದರೇ ಎದೆ ಹಿಡಿದುಕೊಂಡಿತು. ಇನ್ನೆರಡು ನಿಮಿಷ ಅಲ್ಲೇ ನಿಲ್ಲುವುದಕ್ಕೆ ಏನಾದರೂ ಮಾತಾಡಬೇಕಾಗಿತ್ತು. ಆ ಎರಡು ನಿಮಿಷದ ಆಸೆಗೆ ಅವನು ಬಾಯಿಬಿಟ್ಟ.

"ಅಕ್ಷರಾನ ಚಿತ್ರ ಮಾಡಿ ತೋರ್ಸೋದು ತಾನೇ ಸಾರ್? ಅದು ನಂಗೆ ಬರುತ್ತೆ."

ಎಲ್ಲರೂ ಮೇಜು ಬಿಟ್ಟು ಅವನನ್ನು ನೋಡಿದರು.

"ನಿಮ್ಗಾ?" ಎಂದರು ಹೆಡ್ ಕ್ಲರ್ಕು.

"ದಪ್ಪ, ತೆಳು, ಓರೆ, ನೆರಳು, ಅಂಚು" ಎಂದು ಕಡತಣ್ಣ ಉಸಿರು ಬಂದಷ್ಟು ಹೇಳಿದ. "ಹ್ಯಾಗ್ ಬೇಕೋ ಹಾಗೆ. ಆಟದ ಭಾಷೇಲಿ."

"ಯಾವ ಭಾಷೇಲಾದ್ರೂ ಮಾಡಿ" ಎಂದರು ಸಾಹೇಬರು. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿಯುವಾಗ ಇಂಥದ್ದೆಲ್ಲ ಕೇಳುವುದಿಲ್ಲ. "ಸೋಮವಾರಕ್ಕೆ ಆಗ್ಬೇಕು. ಆದ್ರೆ ಆ ವಿಚಾರಣೆ ಕುರ್ಚಿ ನಿಮ್ದು. ಈ ಸಲ ನೋಡೋಣ ಅಲ್ಲ. ನಿಮ್ದೇ."

ಕಡತಣ್ಣ ಅವತ್ತು ಮೆಟ್ಟಿಲು ಹತ್ತಿದ್ದು ಅವನಿಗೇ ಗೊತ್ತಾಗಲಿಲ್ಲ.

ಅವನು ಮೇಲೆ ತಲುಪಿ ಕೂರುವ ಮೊದಲೇ ಜನ ಬರತೊಡಗಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೂರನೇ ಮಹಡಿಗೆ ಬಾರದವರು ಬಂದರು. ಮೀಟರ್ ಇನ್ಸ್‌ಪೆಕ್ಟರು ತಮ್ಮ ಹೆಸರು ಬೀದಿಯಿಂದಲೇ ಕಾಣಬೇಕು ಎಂದರು. ನಲ್ಲಿಯಮ್ಮ ತಮ್ಮ ಹೆಸರಿಗೆ ನೆರಳು ಬೇಡ, ನೆರಳಿದ್ದರೆ ದಪ್ಪ ಕಾಣುತ್ತೆ ಎಂದರು. ಹೆಡ್ ಕ್ಲರ್ಕು ಬಾಗಿಲು ಮುಂದೆ ಮಾಡಿ, ಪಿಸುಮಾತಿನಲ್ಲಿ ಹೇಳಿದರು.

"ನನ್ ಹೆಸರು ಇನ್ಸ್‌ಪೆಕ್ಟರ್ ಹೆಸರಿಗಿಂತ ಒಂದು ಕೂದಲೆಳೆಯಷ್ಟು ದೊಡ್ಡದಿರ್ಲಿ. ಎರಡೆಳೆ ಬೇಡ. ಗೊತ್ತಾಗ್ಬಿಡುತ್ತೆ."

ಸಾಹೇಬರು ಮಾತ್ರ ಹತ್ತಿ ಬರಲಿಲ್ಲ, ಚೀಟಿ ಕಳಿಸಿದರು: ಎಲ್ಲರಿಗಿಂತ ಮೇಲೆ, ಬಂಗಾರದ ಬಣ್ಣ, ನೆರಳು ಸಹಿತ.

ಶನಿವಾರ, ಭಾನುವಾರ ಎರಡೂ ದಿನ ಕಡತಣ್ಣ ಭಾವಮೈದುನನ ಹಳೇ ಕಂಪ್ಯೂಟರನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಕೂತ. ಮೊದಲ ಸಲ ಹೆಸರುಗಳು ಬಂದಾಗ ಚಿತ್ರದ ಚೌಕ ಗಿಡ್ಡವಾಗಿ ಒತ್ತಕ್ಷರಗಳೆಲ್ಲ ಕೆಳಗೆ ಕತ್ತರಿಸಿಹೋಗಿದ್ದವು. "ಅಯ್ಯೋ, ಎಲ್ಲರ ಕಾಲೂ ತೆಗೆದಿದೀರಲ್ಲ ರೀ. ಮಂಡಿ ನೋವಿನ ಸಿಟ್ಟಾ?" ಎಂದಳು ಹೆಂಡತಿ. ಚೌಕವನ್ನು ಉದ್ದ ಮಾಡಿ ಕಾಲು ತರಿಸಿದ್ದಾಯಿತು.

ಇಷ್ಟಕ್ಕೂ ಅವನು ಪೂರ್ತಿ ಹೊಸದಾಗಿ ಏನನ್ನೂ ಬರೆಯಲಿಲ್ಲ. ಅಷ್ಟು ಬರುತ್ತಲೂ ಇರಲಿಲ್ಲ. ತರಗತಿಯಲ್ಲಿ ಕೊಟ್ಟಿದ್ದ ಬಲೂನು ಹೊಡೆಯುವ ಆಟವನ್ನೇ ತೆಗೆದುಕೊಂಡ. ಅದರಲ್ಲಿ ಆಡುವವರ ಹೆಸರುಗಳು ಪರದೆಯ ಮೇಲೆ ಚೆಂದವಾಗಿ ಬರುತ್ತಿದ್ದವು. ಬಲೂನುಗಳನ್ನು ಅಳಿಸಿದ. ಹಕ್ಕಿಗಳನ್ನು ಅಳಿಸಿದ. ಆಡುವವರ ಹೆಸರಿದ್ದ ಜಾಗದಲ್ಲಿ ಸಿಬ್ಬಂದಿಯ ಹೆಸರು ಹಾಕಿದ. ಬಲೂನು ಒಡೆದಾಗ ಅಂಕ ಏರುತ್ತಿತ್ತಲ್ಲ, ಅಲ್ಲಿಗೆ ಕೌಂಟರಿನ ಗುಂಡಿಯನ್ನು ಸೇರಿಸಿದ. ಗುಂಡಿ ಒತ್ತಿದರೆ ಟೋಕನ್ ನಂಬರು ಒಂದು ಏರುತ್ತಿತ್ತು. ಅಕ್ಷರಗಳು ನಡುಗುತ್ತಿದ್ದವು ಎಂದು ಆಟದ ವೇಗವನ್ನು ಹತ್ತು ಸಾವಿರದಲ್ಲಿ ಒಂದು ಭಾಗಕ್ಕೆ ಇಳಿಸಿದ. ಅಕ್ಷರಗಳು ನಿಂತವು. ಇನ್ನೂ ಒಂದಷ್ಟು ಸಾಲುಗಳು ಉಳಿದಿದ್ದವು, ಅವು ಏನಕ್ಕೆ ಎಂದು ತಿಳಿಯದೆ ಫೋನ್ ಮಾಡಿದ.

"ಭಾವ, ಈಗ ಓಡ್ತಾ ಇದ್ಯಾ?" ಎಂದ ಭಾವಮೈದುನ.

"ಓಡ್ತಾ ಇದೆ."

"ಓಡ್ತಾ ಇದ್ರೆ ಮುಟ್ಬೇಡಿ."

ಆ ಉಳಿದ ಸಾಲುಗಳ ವಿಷಯ ಹದಿನೇಳನೇ ಪಾಠದಲ್ಲಿತ್ತು. ಹದಿನೇಳನೇ ಪಾಠದ ದಿನ ಹಿಂದಿನ ಬೆಂಚಿನಿಂದ ಗೊರಕೆ ಕೇಳಿಸಿತ್ತೆಂದು ಉಳಿದ ಹನ್ನೊಂದು ಜನ ಇವತ್ತಿಗೂ ಹೇಳುತ್ತಾರೆ. ಬಲೂನು ಹೊಡೆದವರ ಹೆಸರು ದಪ್ಪವಾಗಿ ಹೊಳೆಯಬೇಕು, ಹೊಡೆಯದೆ ಸುಮ್ಮನೆ ಕೂತವರ ಹೆಸರು ತೆಳ್ಳಗಾಗಿ, ಬೂದಿ ಬಣ್ಣಕ್ಕೆ ತಿರುಗಿ, ಓರೆಯಾಗಿ ವಾಲಿ, ಮೆಲ್ಲಗೆ ಕೆಳಕ್ಕೆ ಬೀಳಬೇಕು, ತಳ ಮುಟ್ಟಿದರೆ ಒಡೆದುಹೋಗಬೇಕು ಎಂಬುದೇ ಆ ಪಾಠ. ಆಟದಲ್ಲಿ ಇದೆಲ್ಲ ಕ್ಷಣಾರ್ಧದಲ್ಲಿ ಆಗುತ್ತಿತ್ತು. ಕಡತಣ್ಣ ವೇಗ ಇಳಿಸಿದ್ದರಿಂದ ಅದಕ್ಕೀಗ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಊಟದ ಮೇಜಿನ ಮೇಲೆ ಅಷ್ಟು ಹೊತ್ತು ಯಾರು ಕಾದು ನೋಡುತ್ತಾರೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪರದೆ ಬೆಳಗಿತು. ಎಲ್ಲರ ಹೆಸರೂ ಅವರವರು ಕೇಳಿದ ಹಾಗೆ, ಸಾಹೇಬರದು ಎಲ್ಲಕ್ಕಿಂತ ಮೇಲೆ ಬಂಗಾರದ ಬಣ್ಣದಲ್ಲಿ, ನೆರಳಿನ ಸಮೇತ. ಸಿಬ್ಬಂದಿ ಕೌಂಟರು ಬಿಟ್ಟು ಹೊರಗೆ ಬಂದು ತಂತಮ್ಮ ಹೆಸರಿನ ಕೆಳಗೆ ನಿಂತು ನೋಡಿದರು. ಸಾಹೇಬರು ಕಡತಣ್ಣನ ಬೆನ್ನು ತಟ್ಟಿದರು. "ಆಯುಕ್ತರು ಬಂದು ಹೋಗ್ಲಿ. ಸಂಜೆಗೆ ನಿಮ್ಮ ಕುರ್ಚಿ ಆದೇಶಕ್ಕೆ ಸಹಿ ಹಾಕ್ತೀನಿ." ಕಡತಣ್ಣ ಕೊನೆಯ ಸಲ ಹತ್ತುವವನ ಹಾಗೆ ಒಂದೊಂದೇ ಮೆಟ್ಟಿಲನ್ನು ನೋಡಿಕೊಂಡು ಮೇಲಕ್ಕೆ ಹೋದ. ತನ್ನ ಸಾಮಾನು ಕಟ್ಟಿಕೊಳ್ಳಬೇಕಾಗಿತ್ತು.

ಕೆಳಗೆ ಎಂದಿನಂತೆ ಕೆಲಸ ಶುರುವಾಯಿತು. ಅಂದರೆ ಎಲ್ಲರೂ ಚಹಾಕ್ಕೆ ಹೋದರು.

ಅವರು ವಾಪಸು ಬರುವ ಹೊತ್ತಿಗೆ ಹಾಲಿನಲ್ಲಿ ಕಾಯುತ್ತಿದ್ದ ಜನ ಪರದೆಗೆ ಬೆರಳು ತೋರಿಸಿ ಮಾತಾಡಿಕೊಳ್ಳುತ್ತಿದ್ದರು. ಹೆಸರುಗಳು ಬಡಕಲಾಗಿದ್ದವು. ಬಣ್ಣ ಇಳಿದುಹೋಗಿತ್ತು. ಮೀಟರ್ ಇನ್ಸ್‌ಪೆಕ್ಟರ ಹೆಸರಂತೂ ಒಂದು ಕಡೆ ವಾಲಿ, ಎರಡು ಗೇಣು ಕೆಳಗೆ ಜಾರಿತ್ತು. ಒಬ್ಬರದು ಮಾತ್ರ ದಪ್ಪಗೆ ಹೊಳೆಯುತ್ತಿತ್ತು. ಅದು ನಲ್ಲಿಯಮ್ಮನದು. ಅವರಿಗೆ ಅವತ್ತು ಹಲ್ಲುನೋವು, ಚಹಾ ಕುಡಿಯುವ ಹಾಗಿರಲಿಲ್ಲ, ವಿಧಿಯಿಲ್ಲದೆ ಕೂತು ಎಂಟು ಜನರ ಕೆಲಸ ಮಾಡಿದ್ದರು.

"ಹೊಳೀತಿರೋದು ಕೆಲ್ಸ ಮಾಡಿದೋರ್ದು" ಎಂದು ಸಾಲಿನಲ್ಲಿದ್ದ ಮುದುಕಿಯೊಬ್ಬಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಬೀಳ್ತಿರೋದು ಚಾ ಕುಡಿಯೋಕೆ ಹೋದೋರ್ದು."

ಹೆಡ್ ಕ್ಲರ್ಕು ಕೆಲಸ ಬಿಟ್ಟು ಉಳಿದೆಲ್ಲವನ್ನೂ ಓದಿಕೊಂಡವರು. ಅವರಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಸಹೋದ್ಯೋಗಿಗಳನ್ನು ಕಂಬದ ಮರೆಗೆ ಕರೆದು ಹೇಳಿದರು.

"ಇದು ಕಡತಣ್ಣ ಮಾಡಿದ್ದು ಅಂದ್ಕೊಂಡ್ರಾ? ಇದು ಮೇಲಿನಿಂದ ಬಂದಿರೋದು. ಬೂದಿ ಬಣ್ಣ ಅಂದ್ರೆ ನೋಟೀಸು. ವಾಲಿತು ಅಂದ್ರೆ ವರ್ಗಾವಣೆ. ತಳ ಮುಟ್ಟಿದ್ರೆ ಮನೆಗೆ. ಆಯುಕ್ತರು ಮೂರಕ್ಕೆ ಬರೋದು ನೋಡೋಕಲ್ಲ ಕಣ್ರೀ, ಲೆಕ್ಕ ಮುಗಿಸೋಕೆ."

"ಕಡತಣ್ಣ ಪಾಪದೋನು" ಎಂದರು ನಲ್ಲಿಯಮ್ಮ, ಕೆನ್ನೆ ಹಿಡಿದುಕೊಂಡು.

"ಪಾಪದೋನು ಇಪ್ಪತ್ತೊಂಬತ್ತು ವರ್ಷ ಮೂರನೇ ಮಹಡೀಲಿ ಯಾಕೆ ಕೂತಿದ್ದ? ಅಲ್ಲಿಂದ ಬಗ್ಗಿದ್ರೆ ನಾವೆಲ್ಲಾ ಕಾಣ್ತೀವಿ."

ಎಲ್ಲರೂ ಕತ್ತೆತ್ತಿ ಮೂರನೇ ಮಹಡಿಯ ಕಂಬಿಯನ್ನು ನೋಡಿದರು.

ಮೇಲೆ ಕಡತಣ್ಣ ತನ್ನ ಚೊಂಬು, ಕನ್ನಡಕದ ಡಬ್ಬಿ, ಮಂಡಿಗೆ ಹಚ್ಚುವ ಎಣ್ಣೆ ಇವುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಬಾಗಿಲಲ್ಲಿ ಮೀಟರ್ ಇನ್ಸ್‌ಪೆಕ್ಟರು ನಿಂತಿದ್ದರು. ಕೈಯಲ್ಲಿ ಚಹಾದ ಲೋಟ ಇತ್ತು. ಅರವತ್ತಾರು ಮೆಟ್ಟಿಲಿನಲ್ಲಿ ಅರ್ಧ ಚಹಾ ಚೆಲ್ಲಿತ್ತು.

"ಕಡತಣ್ಣನೋರೇ" ಎಂದರು. ಇಷ್ಟು ವರ್ಷದಲ್ಲಿ ಆ 'ಓರೇ' ಎಂಬುದು ಮೊದಲ ಸಲ ಕೇಳಿಸಿದ್ದು. "ನನ್ ಮನೆಯೋಳು ಫೋನ್ ಮಾಡಿದ್ಲು. ಸಾಲಲ್ಲಿ ಅವಳ ಚಿಕ್ಕಮ್ಮ ನಿಂತಿದಾರಂತೆ. ನಾನು ಬೀಳ್ತಾ ಇದೀನಿ ಅಂತ ಹೇಳ್ಬಿಟ್ಟಿದಾರೆ. ಅವಳು ಅಳ್ತಾ ಇದಾಳೆ. ನಮ್ದೇನಾದ್ರೂ ಸ್ವಲ್ಪ ನೋಡ್ಕೊಳಿ."

"ಎಲ್ಲಿಂದ ಬೀಳ್ತಾ ಇದೀರಿ?" ಎಂದ ಕಡತಣ್ಣ ಗಾಬರಿಯಾಗಿ.

ಕಂಬಿಯ ಹತ್ತಿರ ಹೋಗಿ ಬಗ್ಗಿ ನೋಡಿದಾಗ ತರಗತಿಯಲ್ಲಿ ಉಳಿದವರು ಆಡುವಾಗ ಹೆಸರುಗಳು ಹೀಗೇ ಬೀಳುತ್ತಿದ್ದದ್ದು ಅವನಿಗೆ ನೆನಪಾಯಿತು. ಅವನು ಪ್ರಾಮಾಣಿಕ. "ಅದು ಬಲೂನಿನ ಆಟ ಇನ್ಸ್‌ಪೆಕ್ಟರೇ. ಏಟು ಬಿದ್ರೆ ಹೆಸರು ನೆಟ್ಟಗಾಗುತ್ತೆ. ಗುಂಡಿ ಒತ್ತಿದ್ರೆ ಏಟು. ಅಷ್ಟೇ. ಬೇರೇನೂ ಇಲ್ಲ" ಎಂದ.

ಇನ್ಸ್‌ಪೆಕ್ಟರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಹಾದ ಲೋಟವನ್ನು ಕಡತಗಳ ಮೇಲಿಟ್ಟು ಕೆಳಗೋಡಿದರು. "ಬಾಯಿ ಬಿಡಲ್ಲ ಮಹಾರಾಯ" ಎಂದು ಕೆಳಗೆ ಹೇಳಿದರಂತೆ. "ಆದ್ರೆ ಉಪಾಯ ಹೇಳ್ಕೊಟ್ಟ. ಕೆಲ್ಸ ಮಾಡಿದ್ರೆ ಏಟು ತಪ್ಪುತ್ತಂತೆ."

ಆಮೇಲೆ ಆ ಕಚೇರಿಯಲ್ಲಿ ನಡೆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೂ ಹೇಳಬೇಕು. ಕೌಂಟರಿನವರು ಗುಂಡಿ ಒತ್ತಿದರು. ಒತ್ತಿದರೆ ನಂಬರು ಏರುತ್ತದೆ, ನಂಬರು ಏರಿದರೆ ಜನ ಎದುರಿಗೆ ಬಂದು ನಿಲ್ಲುತ್ತಾರೆ, ನಿಂತ ಮೇಲೆ ಅವರ ಕೆಲಸ ಮಾಡದೆ ಕಳಿಸುವುದು ಹೇಗೆ. ಆರು ತಿಂಗಳಿಂದ ಅಲೆಯುತ್ತಿದ್ದವರ ಮೀಟರು ಆರು ನಿಮಿಷದಲ್ಲಿ ಮಂಜೂರಾಯಿತು. "ನಾಳೆ ಬನ್ನಿ" ಎಂಬ ಮಾತು ಗೊತ್ತಿಲ್ಲದವರ ಹಾಗೆ ಹೆಡ್ ಕ್ಲರ್ಕು ಸಹಿ ಮೇಲೆ ಸಹಿ ಹಾಕಿದರು. ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದ ಒಬ್ಬನನ್ನು ಎಬ್ಬಿಸಿ ನೀರಿನ ಸಂಪರ್ಕ ಕೊಟ್ಟರು. ಅವನು ಬಿಸಿಲಿಗೆ ಒಳಗೆ ಬಂದು ಮಲಗಿದ್ದವನು, ಅಷ್ಟೇ.

ಒಂದೂವರೆಗೆ ಹಾಲು ಖಾಲಿಯಾಯಿತು. ಅದರಿಂದ ಹೊಸ ಸಂಕಟ ಶುರುವಾಯಿತು. ಕರೆಯುವುದಕ್ಕೆ ಜನವೇ ಇಲ್ಲ, ಸುಮ್ಮನೆ ಒತ್ತಿದರೆ ಆಯುಕ್ತರು ಬಂದಾಗ ನಂಬರಿಗೂ ಚೀಟಿಗೂ ತಾಳೆಯಾಗುವುದಿಲ್ಲ, ಒತ್ತದಿದ್ದರೆ ಹೆಸರು ಮಸುಕಾಗುತ್ತದೆ. ಮೀಟರ್ ಇನ್ಸ್‌ಪೆಕ್ಟರು ಬೀದಿಗೆ ಇಳಿದರು. ದಾರಿಹೋಕರ ಕೈ ಹಿಡಿದು, "ನಿಮ್ಮನೇಲಿ ನೀರು ಚೆನ್ನಾಗಿ ಬರ್ತಿದ್ಯಾ? ಸ್ವಲ್ಪಾನೂ ತೊಂದ್ರೆ ಇಲ್ವಾ? ನೆನಪು ಮಾಡ್ಕೊಳ್ಳಿ" ಎಂದು ಅಂಗಲಾಚಿದರು. ಎದುರಿನ ಸೈಕಲ್ ಅಂಗಡಿಯವನು ಇಷ್ಟು ಕೇಳಿಕೊಳ್ಳುತ್ತಾರಲ್ಲ ಎಂದು ಒಂದು ದೂರು ಕೊಟ್ಟುಹೋದ.

ಈ ಗಲಾಟೆಯಲ್ಲಿ ಎಲ್ಲರೂ ಒಬ್ಬರನ್ನು ಮರೆತಿದ್ದರು. ಸಾಹೇಬರು ಬಾಗಿಲು ಹಾಕಿಕೊಂಡು ಆಯುಕ್ತರಿಗೆ ಓದಬೇಕಾದ ಸ್ವಾಗತ ಭಾಷಣವನ್ನು ತಿದ್ದುತ್ತಿದ್ದರು. ಅವರಿಗೆ ಗುಂಡಿಯೇ ಇರಲಿಲ್ಲ. ಗುಂಡಿ ಒತ್ತುವ ಕೆಲಸ ಸಾಹೇಬರಾದವರಿಗೆ ಇರುವುದಿಲ್ಲ. ಹಾಗಾಗಿ ಅವರ ಹೆಸರು ಬೆಳಿಗ್ಗೆಯಿಂದ ಬೀಳುತ್ತಲೇ ಇತ್ತು. ಎರಡು ಗಂಟೆಗೆ ಅವರ ಮಾವನವರ ಫೋನ್ ಬಂತು.

"ಅಳಿಯಂದ್ರೇ, ಹುಷಾರಾಗಿದೀರಾ ತಾನೇ? ಯಾರೋ ಹೇಳಿದ್ರು, ನೀವು ನೆಲಕ್ಕೆ ಮೂರು ಗೇಣು ಇದೀರಂತೆ."

ಸಾಹೇಬರು ಹೊರಗೆ ಬಂದು ನೋಡಿದರು. ತಮ್ಮ ಬಂಗಾರದ ಹೆಸರು ಬೂದಿಯಾಗಿ, ಪರದೆಯ ಬುಡದ ಹತ್ತಿರ ಅಡ್ಡಡ್ಡ ಬಿದ್ದಿತ್ತು. ಸಾಲದ್ದಕ್ಕೆ ಬೆಳಿಗ್ಗೆ ಜಾರಿದ್ದ ಹೆಡ್ ಕ್ಲರ್ಕರ ಹೆಸರು ಅದರ ಬಾಲದ ಮೇಲೆ ಕೂತಿತ್ತು.

"ಸಾರ್, ನಾನಾಗಿ ಕೂತಿಲ್ಲ" ಎಂದರು ಹೆಡ್ ಕ್ಲರ್ಕು ತಕ್ಷಣ.

"ಕಡತಣ್ಣಾ" ಎಂದು ಸಾಹೇಬರು ಕೂಗಿದ್ದು ನಾಲ್ಕು ಮಹಡಿಗೂ ಕೇಳಿಸಿತು. ಕಡತಣ್ಣ ಚೀಲ ಅಲ್ಲೇ ಬಿಟ್ಟು, ಕಂಬಿ ಹಿಡಿದುಕೊಂಡು ಇಳಿದು ಬಂದ.

"ನಿಲ್ಸ್ರೀ ಅದನ್ನ."

"ಹ್ಯಾಗೆ ಸಾರ್? ಬರಹ ಆಗಿದ್ರೆ ತಿದ್ದಬಹುದಿತ್ತು. ಇದು ಚಿತ್ರ ಆಗ್ಹೋಗಿದೆ."

"ಹಾಗಾದ್ರೆ ಆಫ್ ಮಾಡಿ."

"ಆಯುಕ್ತರು ಬಂದಾಗ ಬರೀ ಕಪ್ಪು ಕಾಣುತ್ತೆ ಸಾರ್."

ಸಾಹೇಬರು ಗಡಿಯಾರ ನೋಡಿದರು. ಎರಡೂವರೆ ಆಗಿತ್ತು. "ಈಗೇನ್ ಮಾಡೋದು?"

"ಏಟು ಬೀಳ್ಬೇಕು ಸಾರ್. ಆಗ ನೆಟ್ಟಗಾಗುತ್ತೆ."

"ಯಾರಿಗ್ರೀ ಏಟು?"

"ನಿಮ್ಮ ಹೆಸರಿಗೆ ಸಾರ್. ಗುಂಡಿ ಒತ್ಬೇಕು. ಖಾಲಿ ಇರೋ ಗುಂಡಿ ಒಂದೇ." ಹೇಳದಿದ್ದರೆ ಕೆಲಸವೇ ಕೆಡುತ್ತದೆ, ಹೇಳಿದರೆ ಏನಾಗುತ್ತದೋ ಗೊತ್ತಿಲ್ಲ. "ವಿಚಾರಣೆ ಕೌಂಟರಿಂದು."

ಆ ಗುಂಡಿಯನ್ನು ಸಾಹೇಬರ ಹೆಸರಿಗೆ ಜೋಡಿಸಲು ಒಂದು ಸಾಲು ಬದಲಾಯಿಸಿದರೆ ಸಾಕಾಗಿತ್ತು. ಕಡತಣ್ಣ ತನ್ನ ಕೈಯಾರೆ ಬದಲಾಯಿಸಿದ. ಸಾಹೇಬರು ಹೋಗಿ ಆ ಮೆತ್ತೆಯ ಕುರ್ಚಿಯಲ್ಲಿ ಕೂತರು. ಇನ್ಸ್‌ಪೆಕ್ಟರು ಬೀದಿಯಿಂದ ಹಿಡಿದು ತಂದವರನ್ನೆಲ್ಲ ಅವರ ಎದುರು ನಿಲ್ಲಿಸಿದರು. ಒಬ್ಬೊಬ್ಬರು ಬಂದ ಹಾಗೆ ಸಾಹೇಬರು ಒತ್ತಿದರು. ಹೆಸರು ಮೇಲೇಳಲಿಲ್ಲ, ಮೇಲೇಳುವುದು ಆ ಆಟದಲ್ಲಿರಲಿಲ್ಲ. ಆದರೆ ನೆಟ್ಟಗಾಯಿತು, ದಪ್ಪವಾಯಿತು, ಬಂಗಾರದ ಬಣ್ಣಕ್ಕೆ ಬಂತು, ಬೀಳುವುದು ನಿಂತಿತು.

ಮೂರಕ್ಕೆ ಸರಿಯಾಗಿ ಆಯುಕ್ತರು ಬಂದರು. ಅವರು ಐವತ್ತು ದಾಟಿದ, ಬಹಳ ಕಚೇರಿಗಳನ್ನು ನೋಡಿ ದಣಿದ ಹೆಂಗಸು. ಎಲ್ಲಿಗೆ ಹೋದರೂ ಖಾಲಿ ಕುರ್ಚಿ, ತುಂಬಿದ ಸಾಲು ನೋಡಿ ಅಭ್ಯಾಸವಾಗಿದ್ದವರು. ಇಲ್ಲಿ ಎಲ್ಲ ಕುರ್ಚಿಗಳೂ ತುಂಬಿದ್ದವು, ಸಾಲು ಇರಲಿಲ್ಲ. ವಿಚಾರಣೆ ಕೌಂಟರಿನಲ್ಲಿ ಕಚೇರಿಯ ಮುಖ್ಯಸ್ಥರೇ ಕೂತು, ಬೆವರು ಸುರಿಸುತ್ತ, ಬೆಳಗಿನ ಆ ಮುದುಕಿಗೆ ನಲ್ಲಿಯ ತಿರುಪು ಯಾವ ಕಡೆ ತಿರುಗಿಸಬೇಕು ಎಂದು ವಿವರಿಸುತ್ತಿದ್ದರು. ಮುದುಕಿಗೆ ಅದು ಮೊದಲೇ ಗೊತ್ತಿತ್ತು. ತಮಾಷೆ ನೋಡಲೆಂದು ಎರಡನೇ ಸಲ ಬಂದಿದ್ದಳು.

ಆಯುಕ್ತರು ಪರದೆಯ ಮುಂದೆ ನಿಂತರು. ಒಂದು ಹೆಸರು ಮಸುಕಾಗುವುದನ್ನೂ, ಒಬ್ಬರು ಓಡಿಬಂದು ಒತ್ತುವುದನ್ನೂ, ಹೆಸರು ಹೊಳೆಯುವುದನ್ನೂ ನೋಡಿದರು.

"ನಿಮ್ಮ ಹೆಸರೇಕೆ ಎಲ್ಲರಿಗಿಂತ ಕೆಳಗಿದೆ?" ಎಂದು ಸಾಹೇಬರನ್ನು ಕೇಳಿದರು.

ಸಾಹೇಬರು ಎದ್ದು ನಿಂತರು. ಅವರು ಸಾಹೇಬರಾದದ್ದು ಸುಮ್ಮನೆ ಅಲ್ಲ. "ಜನರ ಸೇವಕ ಮೇಡಂ. ಕೆಳಗೇ ಇರ್ಬೇಕು ಅಂತ" ಎಂದರು.

ಆಯುಕ್ತರ ಕಣ್ಣು ತೇವವಾಯಿತು ಎಂದು ಹೆಡ್ ಕ್ಲರ್ಕು ಹೇಳುತ್ತಾರೆ. ಧೂಳಿಗೂ ಇರಬಹುದು. "ಇದನ್ನ ಮಾಡಿದವರು ಯಾರು?" ಎಂದರು.

ಕಡತಣ್ಣನನ್ನು ಮುಂದಕ್ಕೆ ತಳ್ಳಿದರು.

"ಮೇಡಂ, ನಾನು ಮಾಡಿಲ್ಲ" ಎಂದ ಅವನು. "ಅಂದ್ರೆ ಮಾಡಿದೀನಿ. ಬೀಳ್ಲಿ ಅಂತ ಮಾಡಿಲ್ಲ. ಇದು ಬಲೂನು ಹೊಡೆಯೋ ಆಟ. ನಾನು ಬಲೂನು ತೆಗೆದೆ, ಉಳಿದಿದ್ದು ಹಾಗೇ ಉಳ್ಕೊಳ್ತು. ಹದಿನೇಳನೇ ಪಾಠದ ದಿನ ನಂಗೆ ನಿದ್ದೆ ಬಂದಿತ್ತು."

"ಕೆಲಸವನ್ನ ಆಟದ ಹಾಗೆ ಮಾಡಿಸಿದೀರಿ" ಎಂದು ಆಯುಕ್ತರು ತಲೆದೂಗಿದರು. "ಇಷ್ಟು ವಿನಯ ನಾನು ಯಾವ ಕಚೇರೀಲೂ ನೋಡಿಲ್ಲ. ಏನು ಬೇಕು ಕೇಳಿ."

ಕಡತಣ್ಣನ ಕಣ್ಣು ಮೆತ್ತೆಯ ಕುರ್ಚಿಯ ಕಡೆ ಹೋಯಿತು. "ಆ ಕುರ್ಚಿ ಮೇಡಂ" ಎಂದ. "ನಂಗೆ ಮಂಡಿ ನೋವು."

"ಅದು ಸಾಹೇಬರ ಜಾಗ. ಇನ್ಮೇಲೆ ಅವರು ದಿನಾ ಅಲ್ಲೇ ಕೂರ್ತಾರೆ" ಎಂದರು ಆಯುಕ್ತರು. ಸಾಹೇಬರ ಮುಖ ಸಣ್ಣಗಾಯಿತು, ಆಮೇಲೆ ಫ್ಯಾನಿನ ಗಾಳಿ ನೆನಪಾಗಿ ಸರಿಹೋಯಿತು. "ನಿಮ್ಮಂಥವರನ್ನ ವಿಚಾರಣೆ ಕೌಂಟರಲ್ಲಿ ಕೂರಿಸಿದ್ರೆ ನನ್ನನ್ನ ಯಾರೂ ಕ್ಷಮಿಸಲ್ಲ. ನಿಮಗೆ ಪ್ರತ್ಯೇಕ ವಿಭಾಗ, ಪ್ರತ್ಯೇಕ ಕೋಣೆ. ಕಟ್ಟಡದಲ್ಲಿ ಯಾರಿಗಿಂತಲೂ ಮೇಲಿರೋ ಕೋಣೆ. ಅಷ್ಟು ಗೌರವ ಕೊಡ್ಲೇಬೇಕು."

ಯಾರಿಗಿಂತಲೂ ಮೇಲಿರುವ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು, ತಾರಸಿಯ ನೀರಿನ ಟ್ಯಾಂಕಿನ ಪಕ್ಕ. ಎಂಬತ್ತೆಂಟು ಮೆಟ್ಟಿಲು. ಆದೇಶ ಅಲ್ಲೇ ಟೈಪಾಯಿತು. ಕಡತಣ್ಣನ ಅಪ್ಪ ಅಮ್ಮ ಇಟ್ಟ ಹೆಸರು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಹೆಸರನ್ನೂ ಪರದೆಗೆ ಸೇರಿಸಬೇಕು ಎಂದು ಆಯುಕ್ತರು ಹೋಗುವಾಗ ಹೇಳಿ ಹೋದರು.

ಮಾರನೇ ದಿನ ಅವನು ತನ್ನ ಹೆಸರನ್ನು ತಾನೇ ಚಿತ್ರ ಮಾಡಿ ಪರದೆಯ ತುದಿಯಲ್ಲಿ ಹಾಕಿದ. ಅದಕ್ಕೂ ಒಂದು ಗುಂಡಿ ಬೇಕಲ್ಲ. ನಾಲ್ಕನೇ ಮಹಡಿಯವರೆಗೆ ತಂತಿ ಎಳೆಯಲು ಮಂಜೂರಾತಿ ಇಲ್ಲ ಎಂದು ಹೆಡ್ ಕ್ಲರ್ಕು ಅದನ್ನು ಹಾಲಿನ ಗೋಡೆಗೇ ಹಾಕಿಸಿದರು. ಬೀಳುವ ಸಾಲುಗಳನ್ನು ತೆಗೆದುಬಿಡೋಣ ಎಂದರೆ ಆಯುಕ್ತರ ಆದೇಶದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಈ ವ್ಯವಸ್ಥೆಯನ್ನು ಯಾರೂ ಮುಟ್ಟಕೂಡದು.

ಕಡತಣ್ಣ ಒಮ್ಮೆ ಗುಂಡಿ ಒತ್ತಿ, ಚೀಲ ಹೆಗಲಿಗೆ ಹಾಕಿಕೊಂಡು ಹತ್ತಲು ಶುರುಮಾಡಿದ. ಇಪ್ಪತ್ತೆರಡಕ್ಕೆ ಒಮ್ಮೆ ನಿಂತ. ನಲವತ್ತನಾಲ್ಕಕ್ಕೆ ಕೂತ. ಅಲ್ಲಿ ಕೂತಿದ್ದಾಗ ಹೆಂಡತಿಯ ಫೋನ್ ಬಂತು. ಜಾಗದ ವಿಷಯ ನಾಳೆ ಗೊತ್ತಾಗುತ್ತೆ ಎಂದಷ್ಟೇ ಅವನು ಹಿಂದಿನ ರಾತ್ರಿ ಅವಳಿಗೆ ಹೇಳಿದ್ದ.

"ಸಿಕ್ತಾ ರೀ ಜಾಗ?"

"ಸಿಕ್ತು ಕಣೆ. ಎಲ್ಲರಿಗಿಂತ ದೊಡ್ಡ ಜಾಗ."

"ಎಷ್ಟು ಮೆಟ್ಟಿಲು?"

ಅವನು ಹೇಳಿದ. "ಎಣ್ಣೆ ಚೀಲದಲ್ಲಿದ್ಯಾ?" ಎಂದಷ್ಟೇ ಕೇಳಿ ಅವಳು ಫೋನ್ ಇಟ್ಟಳು. ಎದ್ದು ಮತ್ತೆ ಹತ್ತಿದ. ಅರವತ್ತಾರಕ್ಕೆ ಬಂದಾಗ, ಅಭ್ಯಾಸಬಲದಿಂದ ಕಾಲು ತಾನಾಗಿಯೇ ನಿಂತಿತು. ಇನ್ನೂ ಇಪ್ಪತ್ತೆರಡಿತ್ತು.

"ಕಡತಣ್ಣಾ" ಎಂದು ಕೆಳಗಿನಿಂದ ಕೂಗು ಬಂತು. ಮೆತ್ತೆಯ ಕುರ್ಚಿಯಲ್ಲಿ ಒರಗಿ, ಫ್ಯಾನಿನ ಕೆಳಗೆ ಕೂತು, ಸಾಹೇಬರು ಕತ್ತೆತ್ತಿ ಕರೆಯುತ್ತಿದ್ದರು. ದನಿಯಲ್ಲಿ ನಿಜವಾದ ಕಾಳಜಿ ಇತ್ತು. "ನಿಮ್ ಹೆಸರು ಬೀಳ್ತಾ ಇದೆ ಕಣ್ರೀ. ಒಂದ್ಸಲ ಬಂದು ಒತ್ತಿ ಹೋಗಿ."

ಕಡತಣ್ಣ ಕಂಬಿಯಿಂದ ಬಗ್ಗಿ ನೋಡಿದ. ಹೌದು, ತೆಳ್ಳಗಾಗಿ, ಬೂದಿ ಬಣ್ಣಕ್ಕೆ ತಿರುಗಿ, ಸ್ವಲ್ಪ ಓರೆಯಾಗಿ, ಯಾವ ಅವಸರವೂ ಇಲ್ಲದೆ, ಯಾವ ನೋವೂ ಇಲ್ಲದೆ ಅದು ಇಳಿಯುತ್ತಿತ್ತು. ಅವನು ಅರವತ್ತಾರನೇ ಮೆಟ್ಟಿಲಿನ ಮೇಲೆ ಕೂತು, ಚೀಲದಿಂದ ಎಣ್ಣೆ ತೆಗೆದು, ಪ್ಯಾಂಟು ಮಡಚಿ ಮಂಡಿಗೆ ಹಚ್ಚತೊಡಗಿದ.

"ಇಳೀಲಿ ಬಿಡಿ ಸಾರ್" ಎಂದ. "ನಮ್ಮಿಬ್ಬರಲ್ಲಿ ಒಬ್ಬರಾದ್ರೂ ನೆಲಮಹಡಿ ಸೇರ್ಲಿ."